ಐದು ಸೀಟಿನ ಗಾಡಿಗೆ ಆರನೇ ಬೆಲ್ಟು

ಪಾಂಡವಪುರದಲ್ಲಿ ನನ್ನದು ಸೀಟು ಹೊಲಿಯುವ ಅಂಗಡಿ. ಕಾರಾಗಲಿ, ಟ್ರಾಕ್ಟರಾಗಲಿ, ಕೂರುವ ಜಾಗ ಹರಿದರೆ ನನ್ನ ಹತ್ತಿರ ಬರುತ್ತದೆ. ಆ ಸಿಸ್ಟರಮ್ಮ ಬಂದಾಗಲೂ ಹೊಸ ಕವರ್ ಹಾಕಿಸುವುದಕ್ಕೇ ಇರಬೇಕು ಅಂದುಕೊಂಡೆ. ಅವರು ಕೆ.ಆರ್. ಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸು, ಮನೆ ಸಂತೆಬಾಚಹಳ್ಳಿಯಲ್ಲಿ. ಹಿಂದೊಮ್ಮೆ ಅವರ ಗಂಡನ ಟ್ರಾಕ್ಟರಿಗೆ ಸೀಟು ಮಾಡಿಕೊಟ್ಟಿದ್ದೆ, ಆ ಪರಿಚಯ. ಕಾರಿನಿಂದ ಇಳಿದವರು ಹಿಂದಿನ ಬಾಗಿಲು ತೆಗೆದು ಸೀಟಿನ ನಡುವೆ ಕೈಯಿಟ್ಟು, "ಅಣ್ಣ, ಇಲ್ಲಿಗೆ ಇನ್ನೊಂದು ಬೆಲ್ಟ್ ಆಕ್ಕೊಡಾಕೆ ಆಯ್ತದಾ?" ಅಂದರು.

"ಮೂರು ಅವಲ್ಲ ಸಿಸ್ಟರಮ್ಮ, ಎರಡು ಕಡೆಗೆರಡು, ನಡುವಿಗೊಂದು."

"ನಾಕು ಜನ ಕೂರ್ಬೇಕು ಕಣಣ್ಣ."

ಅವರ ಅಕ್ಕ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಆ ಅಕ್ಕನ ಮಗಳು, ಎಂಟು ವರ್ಷದ ಹುಡುಗಿ, ಈಗ ಇವರ ಮನೆಯಲ್ಲಿದ್ದಳು. ಗಂಡ ಹೆಂಡತಿ, ಇಬ್ಬರು ಗಂಡುಮಕ್ಕಳು, ಅತ್ತೆ, ಇವಳು ಸೇರಿ ಆರು ಜನ. ಕಾರು ಐದು ಜನರದು. ಭಾನುವಾರಗಳಲ್ಲಿ ಇವರೆಲ್ಲ ನಾಗಮಂಗಲದ ಹತ್ತಿರದ ತೌರುಮನೆಗೆ, ಅಂದರೆ ಆ ಹುಡುಗಿಯ ಅಜ್ಜಿಯ ಮನೆಗೆ ಹೋಗಿಬರುತ್ತಿದ್ದರು. ಬೆಲ್ಟಿಲ್ಲದೆ ಯಾರನ್ನೂ ಕಾರಿನಲ್ಲಿ ಕೂರಿಸುವುದಿಲ್ಲ ಅನ್ನುವುದು ಸಿಸ್ಟರಮ್ಮನ ಹಟ. ಅಪಘಾತವಾಗಿ ಆಸ್ಪತ್ರೆಗೆ ಬರುವವರನ್ನು ದಿನಾ ನೋಡುವವರು, ಹಟ ಮಾಡದೆ ಇನ್ನೇನು? ಹಾಗಾಗಿ ಅತ್ತೆ ಆ ಹುಡುಗಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗುವುದು, ಉಳಿದ ನಾಲ್ವರು ಕಾರಿನಲ್ಲಿ ಹೋಗುವುದು ರೂಢಿಯಾಗಿತ್ತು.

"ಯಾವಾಗ್ಲೂ ಅವಳೇ ಬಸ್ಸು ಹತ್ಬೇಕು ಕಣಣ್ಣ. ಒಂದ್ ದಿನಾನೂ ಬಾಯ್ಬುಟ್ಟು ಏನೂ ಅಂದಿಲ್ಲ ಅವಳು. ನಂಗೇ ಒಟ್ಟೆ ಉರೀತದೆ," ಅಂದರು.

ನಾನು ಆಗಲ್ಲ ಅನ್ನಬಹುದಿತ್ತು. ಆದರೆ ನಮ್ಮ ಕಡೆ ಕೈಕೆಲಸದವನಿಗೆ ಆಗಲ್ಲ ಅನ್ನುವ ಮಾತೇ ಬಾಯಿಗೆ ಬರುವುದಿಲ್ಲ. ಸೀಟಿನ ಅಗಲ ಅಳೆದೆ. ಅಂಚಿನಲ್ಲಿ ಅತ್ತೆ, ನಡುವೆ ಇಬ್ಬರು ಚಿಕ್ಕವರು, ಇನ್ನೊಂದು ಅಂಚಿಗೆ ದೊಡ್ಡ ಹುಡುಗ. ಬಸ್ಸಿನಲ್ಲಿ ಎರಡು ಅರ್ಧ ಟಿಕೆಟ್ ಸೇರಿದರೆ ಒಂದು ಸೀಟು ತಾನೆ? ಅದೇ ಲೆಕ್ಕ ಹಾಕಿದೆ. ಇಬ್ಬರು ಮಕ್ಕಳು ಅಂದರೆ ಒಬ್ಬ ದೊಡ್ಡವನು, ಅಲ್ಲಿಗೆ ಗಾಡಿಯಲ್ಲಿ ಇರುವುದು ಐದೇ ಜನ. ಕಂಡಕ್ಟರ್ ಒಪ್ಪುವ ಲೆಕ್ಕವನ್ನು ಕಾರು ಯಾಕೆ ಒಪ್ಪುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮಾರನೆಯ ದಿನ ಕೆಲಸ ಹಿಡಿದೆ. ಸೀಟಿನ ಕೆಳಭಾಗ ಎತ್ತಿದರೆ ಕಂಪನಿಯವರ ಬೆಲ್ಟುಗಳ ಬುಡ ಕಾಣುತ್ತದೆ. ಅದರ ಪಕ್ಕದಲ್ಲೇ ತೂತು ಕೊರೆಯೋಣ ಅಂದರೆ ಕೆಳಗೆ ಪೆಟ್ರೋಲ್ ಟ್ಯಾಂಕು. ಅಷ್ಟು ಬುದ್ಧಿ ನನಗಿತ್ತು. ಹಾಗಾಗಿ ಒಂದು ಗೇಣು ಹಿಂದೆ ಸರಿದು, ಸಾಮಾನು ಇಡುವ ಜಾಗದ ನೆಲದಲ್ಲಿ ಎರಡು ತೂತು ಕೊರೆದೆ. ಪಟ್ಟಿ ಮತ್ತು ಬಕಲನ್ನು ಶ್ರೀರಂಗಪಟ್ಟಣದ ಗುಜರಿಯಲ್ಲಿ ಬಿದ್ದಿದ್ದ ಇನ್ನೊಂದು ಕಾರಿನಿಂದ ತಂದಿದ್ದೆ. ಇನ್ನು ಬೋಲ್ಟು. ಗಾಡಿಯ ಬೋಲ್ಟಿಗಿಂತ ಗಟ್ಟಿ ಇರಲಿ ಎಂದು ಕಬ್ಬಿನ ಟ್ರೇಲರಿಗೆ ಹಾಕುವ ಬೋಲ್ಟನ್ನೇ ಹಾಕಿದೆ. ಟನ್ನುಗಟ್ಟಲೆ ಕಬ್ಬು ಎಳೆಯುವ ಬೋಲ್ಟು ಒಂದು ಮಗುವನ್ನು ಹಿಡಿಯುವುದಿಲ್ಲವೆ? ಅಡಿಗೆ ಒಂದು ವಾಷರ್, ನಟ್ಟು, ಅದರ ಮೇಲೆ ಇನ್ನೊಂದು ನಟ್ಟು.

ಪರೀಕ್ಷೆಯನ್ನೂ ಮಾಡಿದೆ. ಪಕ್ಕದ ಟೈರ್ ಅಂಗಡಿಯ ಇಬ್ಬರು ಗಟ್ಟಿಮುಟ್ಟು ಆಳುಗಳನ್ನು ಕರೆದು, ಮುಂದಿನ ಸೀಟಿಗೆ ಕಾಲು ಕೊಟ್ಟು ಎಳೆಯಿರಿ ಅಂದೆ. ಅವರು ಮುಖ ಕೆಂಪಗೆ ಮಾಡಿಕೊಂಡು ಎಳೆದರು, ಬೆಲ್ಟು ಜಗ್ಗಲಿಲ್ಲ. "ಆನೆ ಕಟ್ಟಾಕ್ಬೋದು ಕಣ್ಲಾ ಇದ್ಕೆ," ಅಂದ ಒಬ್ಬ. ಆ ಮಾತನ್ನು ನಾನು ವಾರವೆಲ್ಲ ಗಿರಾಕಿಗಳಿಗೆ ಹೇಳಿಕೊಂಡು ಓಡಾಡಿದೆ.

ಗಾಡಿ ಒಯ್ಯಲು ಸಿಸ್ಟರಮ್ಮ ಬಂದಾಗ ಆ ಹುಡುಗಿಯನ್ನೂ ಕರೆತಂದಿದ್ದರು. ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ ಹೆಣೆದಿದ್ದ ಸಣ್ಣ ಮೈಯ ಹುಡುಗಿ. "ಇದು ನಿಂದು ಕಣವ್ವ," ಎಂದು ಬಕಲ್ ಹಾಕುವುದು ಹೇಗೆಂದು ತೋರಿಸಿದೆ. ಅವಳು ಚಿಕ್ಕಮ್ಮನ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆ ನಕ್ಕಳು. ಅಂದು ನನಗೆ ಊಟವೂ ರುಚಿಸಿತು, ನಿದ್ದೆಯೂ ಚೆನ್ನಾಗಿ ಬಂತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸುದ್ದಿ ಹರಡಿತು. ಬೂಕನಕೆರೆ ಕಡೆಯಿಂದ ಶಾಲೆಗೆ ಮಕ್ಕಳನ್ನು ಬಿಡುವ ವ್ಯಾನಿನವನೊಬ್ಬ ಬಂದ. ಅವನಿಗೆ ನಾಲ್ಕು ಬೆಲ್ಟು ಬೇಕಂತೆ. ಜೊತೆಗೆ, "ಇದು ಸರ್ಕಾರಿ ಲೆಕ್ಕದಲ್ಲಿ ಸರಿ ಅದೆ ಅಂತ ಒಂದು ಕಾಗ್ದ ಕೊಡ್ಸಣ್ಣ, ಮಕ್ಳ ಅಪ್ಪಅಮ್ಮದೀರು ಕೇಳ್ತಾವ್ರೆ," ಅಂದ. ಕೇಳಿದ್ದು ನ್ಯಾಯವೇ. ಕಾಗದ ಸಿಕ್ಕಿದರೆ ನನ್ನ ಅಂಗಡಿಯ ಮುಂದೆ ಬೋರ್ಡನ್ನೇ ಹಾಕಬಹುದು ಎನ್ನುವ ಆಸೆಯೂ ಹುಟ್ಟಿತು. ಒಗೆದ ಅಂಗಿ ತೊಟ್ಟು ನಾಗಮಂಗಲದ ಆರ್.ಟಿ.ಓ. ಕಚೇರಿಗೆ ಹೋದೆ.

ಅಲ್ಲಿ ಬಯಲಲ್ಲಿ ನಿಂತು ಗಾಡಿಗಳನ್ನು ಪರೀಕ್ಷಿಸುತ್ತಿದ್ದ ಇನ್ಸ್‌ಪೆಕ್ಟರು ನಾನು ಹೇಳಿದ್ದನ್ನು ಸಾವಧಾನವಾಗಿ ಕೇಳಿದರು. ಗದರುತ್ತಾರೆ ಅಂದುಕೊಂಡಿದ್ದೆ, ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು, ವಾಪಸು ಜಗಳವಾಡಬಹುದಿತ್ತು.

"ಆರ್.ಸಿ.ಯಲ್ಲಿ ಎಷ್ಟು ಜನ ಅಂತಿದೆಯಪ್ಪ?"

"ಕಾರಾದ್ರೆ ಐದು ಸಾರ್."

"ಡ್ರೈವರೂ ಸೇರಿ ಐದು. ನೀನು ಬೆಲ್ಟನ್ನ ಆರಲ್ಲ, ಹತ್ತು ಹಾಕು, ಸೀಟು ಐದೇ. ಕಂಪನಿಯವರು ಐದು ಜನಕ್ಕೆ ಅಂತ ಗಾಡಿ ಮಾಡಿ, ಗುದ್ದಿಸಿ ನೋಡಿ, ಅದಕ್ಕೆ ಒಪ್ಪಿಗೆ ತಗೊಂಡಿರ್ತಾರೆ. ಹಳೇ ಬೆಲ್ಟು ಕಿತ್ತುಹೋದ್ರೆ ಅದೇ ಜಾಗಕ್ಕೆ ಅದೇ ಥರದ್ದು ಹಾಕು, ಯಾರೂ ಬೇಡ ಅನ್ನಲ್ಲ. ಹೊಸದಾಗಿ ತೂತು ಹೊಡೆದು ಇನ್ನೊಬ್ಬರಿಗೆ ಜಾಗ ಮಾಡೋ ಹಾಗಿಲ್ಲ."

"ಮಕ್ಕಳು ಸಾರ್. ಇಬ್ಬರು ಸೇರಿದ್ರೆ ಒಬ್ಬರು ತಾನೆ. ಬಸ್ಸಲ್ಲಿ ಅರ್ಧ ಟಿಕೆಟ್ ಅಲ್ವಾ?"

ಅವರು ನಕ್ಕರು. "ಟಿಕೆಟ್ ಅರ್ಧ ಕಣಪ್ಪ, ಮಗು ಅರ್ಧ ಅಲ್ಲ. ಒಂದೊಂದು ಮಗುವಿಗೂ ಒಂದು ಪೂರ್ತಿ ಜಾಗ, ಒಂದು ಪೂರ್ತಿ ಬೆಲ್ಟು ಬೇಕು." ಆಮೇಲೆ ಅಲ್ಲೇ ನಿಂತಿದ್ದ ಕಾರಿನ ಸೀಟು ಎತ್ತಿಸಿ, ಬೆಲ್ಟಿನ ಬುಡ ಮುಟ್ಟಿ ತೋರಿಸಿದರು. "ಇಲ್ಲಿ ತಗಡು ಒಂದೇ ಪದರ ಅಲ್ಲ. ಒಳಗೆ ದಪ್ಪ ಪ್ಲೇಟು ಬೆಸೆದಿರ್ತಾರೆ. ಬೆಲ್ಟು ಅಂದ್ರೆ ಪಟ್ಟಿಯಲ್ಲ, ಇದು."

ಆಮೇಲೆ ನನ್ನ ಕಡೆ ತಿರುಗಿ ಸಹಜವಾಗಿ ಕೇಳಿದರು, "ಈಗಾಗ್ಲೇ ಯಾವುದಾದ್ರೂ ಗಾಡಿಗೆ ಹಾಕಿದ್ದೀಯೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಂಗಿಯ ಗುಂಡಿ ಮುಟ್ಟಿಕೊಂಡು, "ಇಲ್ಲ ಸಾರ್, ಕೇಳಿಕೊಂಡು ಹೋಗೋಣ ಅಂತ ಬಂದೆ," ಅಂದೆ.

"ಒಳ್ಳೇದು. ಕೇಳಿದ್ದು ಒಳ್ಳೇದಾಯ್ತು," ಅಂದರು. ಆ ಹೊಗಳಿಕೆಯನ್ನು ಹೊತ್ತುಕೊಂಡು ನಾನು ಬೈಕು ಹತ್ತಿದೆ. ದಾರಿಯುದ್ದಕ್ಕೂ ಸಮಜಾಯಿಷಿ ಹುಡುಕಿದೆ. ಕಾನೂನು ಊರಿಗೆಲ್ಲ ಒಂದೇ ಅಂತ ಮಾಡಿರುತ್ತಾರೆ, ನನ್ನ ಬೋಲ್ಟು ಅವರೆಲ್ಲಿ ನೋಡಿದ್ದಾರೆ ಎಂದುಕೊಂಡೆ. ಆದರೆ ಆ ದಪ್ಪ ಪ್ಲೇಟು ಕಣ್ಣ ಮುಂದಿನಿಂದ ಹೋಗಲಿಲ್ಲ. ನಾನು ಕೊರೆದ ಜಾಗದಲ್ಲಿ ಡ್ರಿಲ್ಲು ಎಷ್ಟು ಸಲೀಸಾಗಿ ಇಳಿದಿತ್ತು ಎನ್ನುವುದು ಕೈಗೆ ನೆನಪಿತ್ತು. ಹಪ್ಪಳಕ್ಕೆ ಬೆರಳು ಇಟ್ಟ ಹಾಗೆ ಇಳಿದಿತ್ತು. ಅಂದು ಕೆಲಸ ಬೇಗ ಆಯಿತಲ್ಲ ಎಂದು ಖುಷಿಪಟ್ಟಿದ್ದೆ.

ವ್ಯಾನಿನವನಿಗೆ ಆಗಲ್ಲ ಅಂದೆ. ಅದು ಸುಲಭವಾಗಿತ್ತು. ಸಿಸ್ಟರಮ್ಮನಿಗೆ ಏನೂ ಹೇಳಲಿಲ್ಲ. ಬರುವ ಭಾನುವಾರದೊಳಗೆ ನೋಡೋಣ, ಮೊದಲು ನನ್ನ ಅನುಮಾನ ನಾನೇ ತೀರಿಸಿಕೊಳ್ಳುತ್ತೇನೆ ಎಂದು ಶನಿವಾರ ಮಧ್ಯಾಹ್ನ ಶ್ರೀರಂಗಪಟ್ಟಣದ ಗುಜರಿಗೆ ಹೋದೆ. ಅಲ್ಲಿನ ಭಾಯ್ ನನಗೆ ಬಹಳ ವರ್ಷದ ಪರಿಚಯ. ಅವರ ಹತ್ತಿರ ಅದೇ ಮಾದರಿಯ ಕಾರಿನ ಬರೀ ಮೈ ಇತ್ತು, ಇಂಜಿನ್ನೂ ಇಲ್ಲ, ಚಕ್ರವೂ ಇಲ್ಲ. ಸಿಸ್ಟರಮ್ಮನ ಕಾರಿಗೆ ಮಾಡಿದ ಹಾಗೆಯೇ ಅದಕ್ಕೂ ತೂತು ಕೊರೆದು, ಅಂಥದೇ ಬೋಲ್ಟು, ಅಂಥದೇ ವಾಷರ್ ಹಾಕಿ ಬೆಲ್ಟು ಕೂರಿಸಿದೆ. ಕಾರಿನ ಹಿಂಭಾಗವನ್ನು ಹುಣಸೆ ಮರದ ಬುಡಕ್ಕೆ ಸರಪಳಿ ಹಾಕಿ ಕಟ್ಟಿದೆವು. ಮುಂದೆ ನಿಂತಿದ್ದ ಲಾರಿಗೆ ಇಂಜಿನ್ ಎತ್ತುವ ಚೈನ್ ಬ್ಲಾಕು ಸಿಕ್ಕಿಸಿ, ಅದರ ಕೊಕ್ಕೆಯನ್ನು ಬೆಲ್ಟಿಗೆ ಹಾಕಿದೆ.

"ಏನ್ ಭಾಯ್, ಗಾಡಿ ಮುರ್ಯೋಕೆ ಇಷ್ಟು ಮರ್ಯಾದೆ ಯಾಕೆ, ನನ್ ಹತ್ರ ಗ್ಯಾಸ್ ಕಟರ್ ಐತಲ್ಲ," ಅಂದರು ಭಾಯ್. ನಾನು ಕೊಕ್ಕೆ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಜಗ್ಗಿ ನೋಡಿದೆ.

ಚೈನ್ ಬ್ಲಾಕಿನ ಸರಪಳಿ ಎಳೆಯತೊಡಗಿದೆ. ಮೊದಲು ಬೆಲ್ಟು ಬಿಗಿಯಾಯಿತು. ಇಬ್ಬರು ಆಳುಗಳು ಎಳೆದಾಗ ಎಲ್ಲಿಗೆ ನಿಂತಿತ್ತೋ ಅಲ್ಲಿಗೆ ನಿಂತಿತು. ಇನ್ನೂ ಎಳೆದೆ. ತೂತಿನ ಸುತ್ತ ನೆಲದ ತಗಡು ಪೂರಿ ಉಬ್ಬಿದ ಹಾಗೆ ಮೇಲೆದ್ದಿತು. ಆಮೇಲೆ ಟಪ್ ಅಂತ ಒಂದು ಸದ್ದು, ಅಷ್ಟೇ. ಬೋಲ್ಟು, ವಾಷರು, ಎರಡೂ ನಟ್ಟು ಒಟ್ಟಿಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಈಚೆಗೆ ಬಂದವು. ಬೋಲ್ಟಿಗೆ ಒಂದು ಗೀರೂ ಆಗಿರಲಿಲ್ಲ. ನಾನು ಗಟ್ಟಿ ಮಾಡಿದ್ದು ಗಟ್ಟಿಯಾಗಿಯೇ ಇತ್ತು. ಅದು ಹಿಡಿದುಕೊಂಡಿದ್ದ ನೆಲದ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ.

ಅದೇ ಕೊಕ್ಕೆಯನ್ನು ಕಂಪನಿಯವರ ಬೆಲ್ಟಿಗೆ ಹಾಕಿ ಎಳೆದೆ. ಹುಣಸೆ ಮರದ ಸರಪಳಿ ಕಿರುಗುಟ್ಟಿತು, ಕಾರಿನ ಮೈ ಮುಂಗಡೆ ಎದ್ದಿತು, ಬೆಲ್ಟಿನ ಬುಡ ಕದಲಲಿಲ್ಲ.

ಅಲ್ಲೇ ಒಂದು ಟೈರಿನ ಮೇಲೆ ಕೂತೆ. ಬೆಲ್ಟಿಲ್ಲದಾಗ ಆ ಹುಡುಗಿ ಸಿಸ್ಟರಮ್ಮನ ಅತ್ತೆಯ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಬೆಲ್ಟು ಇದೆ ಅನ್ನುವ ಒಂದೇ ಧೈರ್ಯಕ್ಕೆ ಸಿಸ್ಟರಮ್ಮ ಅವಳನ್ನು ಕಾರಿಗೆ ಹತ್ತಿಸಿಕೊಂಡಿದ್ದರು. ಬಸ್ಸಿನಲ್ಲಿ ಕ್ಷೇಮವಾಗಿದ್ದ ಮಗುವನ್ನು ಕರೆತಂದು ಆ ತಗಡಿಗೆ ಕಟ್ಟಿದವನು ನಾನು. ಅವರು ಒಂದು ಸಲ ಜೋರಾಗಿ ಬ್ರೇಕು ಹೊಡೆದು ಎದುರಿನ ಗಾಡಿಗೆ ಗುದ್ದಿದ್ದರೆ ಏನಾಗುತ್ತಿತ್ತು ಎನ್ನುವುದು ನನ್ನ ಕೈಯಲ್ಲೇ ಇತ್ತು, ನಟ್ಟು ಸಮೇತ.

ಭಾಯ್ ನೀರು ತಂದುಕೊಟ್ಟರು. ಎಲ್ಲ ಹೇಳಿದೆ. "ದೊಡ್ಡ ಪ್ಲೇಟ್ ಹಾಕಿ ನೋಡಿ," ಅಂದರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಇನ್ನೊಂದು ಬದಿಗೆ ಅಂಗೈಯಗಲದ ಕಬ್ಬಿಣದ ಪ್ಲೇಟು ಕೊಟ್ಟು ಮತ್ತೆ ಎಳೆದೆವು. ಈ ಸಲ ಕಿತ್ತು ಬರಲಿಲ್ಲ. ತಗಡು ಸುಕ್ಕುಗಟ್ಟಿತು, ಪ್ಲೇಟು ಓರೆಯಾಯಿತು, ಆದರೂ ಹಿಡಿದುಕೊಂಡಿತು.

ಒಪ್ಪಿಕೊಳ್ಳುತ್ತೇನೆ, ಆಗ ನನಗೆ ಬಂದ ಮೊದಲ ಯೋಚನೆ ಒಳ್ಳೆಯದಲ್ಲ. ಸೋಮವಾರ ಸಿಸ್ಟರಮ್ಮನಿಗೆ ಫೋನ್ ಮಾಡಿ, ಕವರಿನ ಹೊಲಿಗೆ ಬಿಟ್ಟಿರಬಹುದು, ಒಂದು ಗಳಿಗೆ ಗಾಡಿ ತನ್ನಿ ಅನ್ನುವುದು. ಅವರು ಟೀ ಕುಡಿದು ಬರುವಷ್ಟರಲ್ಲಿ ಅಡಿಗೆ ಪ್ಲೇಟು ಹಾಕಿಬಿಡುವುದು. ಮಾತಿಲ್ಲ, ಕತೆಯಿಲ್ಲ. ಹುಡುಗಿಯ ಜಾಗ ಹುಡುಗಿಗೆ, ನನ್ನ ಹೆಸರು ನನಗೆ.

"ಈಗ ಸಾಕಾ ಭಾಯ್?" ಎಂದು ಅವರು ಕೇಳಿದರು. ಮಾಮೂಲಿ ಪ್ರಶ್ನೆ. ಆದರೆ ಎಷ್ಟಾದರೆ ಸಾಕು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಗಾಡಿ ಗುದ್ದಿದಾಗ ಬೀಳುವ ಸೆಳೆತ ನನ್ನ ಚೈನ್ ಬ್ಲಾಕಿನ ಎರಡರಷ್ಟೋ ಹತ್ತರಷ್ಟೋ ನನಗೇನು ಗೊತ್ತು? ಬೆಲ್ಟು ಹಿಡಿದರೂ ಒಬ್ಬರ ಜಾಗದಲ್ಲಿ ಕೂತ ಇಬ್ಬರು ಮಕ್ಕಳ ತಲೆಗೆ ತಲೆ ಬಡಿಯುವುದಿಲ್ಲವೆ? ಅದನ್ನೆಲ್ಲ ನೋಡಿಯೇ ಆರ್.ಸಿ.ಯಲ್ಲಿ ಐದು ಎಂದು ಬರೆದಿದ್ದರು. ನಾನು ಅದನ್ನು ಬರೀ ಅಂಕಿ ಅಂದುಕೊಂಡಿದ್ದೆ.

"ಗೊತ್ತಿಲ್ಲ ಭಾಯ್," ಅಂದೆ. ಗೊತ್ತಿಲ್ಲದ್ದನ್ನು ಮಗುವಿನ ಸೊಂಟಕ್ಕೆ ಕಟ್ಟಬಾರದು ಎಂದು ಅಲ್ಲೇ ತೀರ್ಮಾನ ಮಾಡಿದೆ. ಸಿಸ್ಟರಮ್ಮನಿಗೆ ಫೋನ್ ಮಾಡಿದರೆ ತೆಗೆಯಲಿಲ್ಲ. ಡ್ಯೂಟಿಯಲ್ಲಿದ್ದಿರಬೇಕು. ಗಂಡನ ನಂಬರು ನನ್ನ ಹತ್ತಿರ ಇರಲಿಲ್ಲ.

ಭಾನುವಾರ ಬೆಳಗ್ಗೆ ಸ್ಪ್ಯಾನರು, ಹಿಂದಿನ ದಿನ ಕಿತ್ತುಬಂದ ಬೋಲ್ಟು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಬೈಕಿನಲ್ಲಿ ಹೊರಟೆ. ಮೇಲುಕೋಟೆ ದಾಟಿ ಅವರ ಊರು ಸೇರುವವರೆಗೂ ಅವರು ಹೊರಟಿರಬಾರದು ಎನ್ನುವುದೊಂದೇ ಬೇಡಿಕೆ. ಸಂತೆಬಾಚಹಳ್ಳಿಯ ಅವರ ಮನೆ ಮುಂದೆ ಕಾರು ಅಂಗಳದಲ್ಲೇ ನಿಂತಿತ್ತು. ಹಿಂದಿನ ಬಾಗಿಲುಗಳು ತೆರೆದಿದ್ದವು. ಹುಡುಗಿ ಆಗಲೇ ನಡುವೆ ಕೂತು ನನ್ನ ಬೆಲ್ಟು ಹಾಕಿಕೊಂಡಿದ್ದಳು.

"ಏನಣ್ಣ, ಇಷ್ಟು ದೂರ?" ಅಂದರು ಸಿಸ್ಟರಮ್ಮ.

ಬೈಕಿನಿಂದ ಇಳಿದವನು ಹೆಲ್ಮೆಟ್ಟನ್ನೂ ತೆಗೆಯದೆ ಹೇಳಿಬಿಟ್ಟೆ. ನಾಗಮಂಗಲದಲ್ಲಿ ಇನ್ಸ್‌ಪೆಕ್ಟರು ಹೇಳಿದ್ದು, ಗುಜರಿಯಲ್ಲಿ ಎಳೆದು ನೋಡಿದ್ದು. ಚೀಲದಿಂದ ಬೋಲ್ಟು ತೆಗೆದು ತೋರಿಸಿದೆ. ಸಿಸ್ಟರಮ್ಮ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಅಪಘಾತದ ಗಾಯಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮೊದಲು ಅವರು ಕಾರಿನೊಳಕ್ಕೆ ಬಾಗಿ, ಹುಡುಗಿಯ ಬಕಲ್ ಬಿಚ್ಚಿದರು.

ಗಂಡ ಮಾತ್ರ, "ಒಸಿ ದಪ್ಪ ಪ್ಲೇಟು ಆಕುದ್ರೆ ಆಯ್ತು ಬುಡಣ್ಣ. ಈ ಕಡೆ ರೋಡಲ್ಲಿ ಸೀಟ್ ಎತ್ತಿ ಯಾರ್ ನೋಡ್ತಾರೆ?" ಅಂದರು.

"ಯಾರೂ ನೋಡಾಕಿಲ್ಲ. ನಂಗೂ ನೆನ್ನೆ ಅಂಗೇ ಅನ್ನಿಸ್ತು," ಅಂದೆ. "ಆದ್ರೆ ಅದು ತಡೀತದೆ ಅಂತ ನಾನು ಎದೆ ಮುಟ್ಕಂಡು ಹೇಳಕಾಯ್ಕಿಲ್ಲ. ತಡುದ್ರೂ ಐದು ಸೀಟಿನ ಗಾಡಿಗೆ ಆರು ಜನ ಆಯ್ಕಿಲ್ಲ."

ಜಗಲಿಯ ಮೇಲೆ ಕೂತು ಎಲೆಅಡಿಕೆ ಮಡಿಸುತ್ತಿದ್ದ ಅತ್ತೆ ಕೇಳಿದರು, "ಆಕೋವಾಗ ಗೊತ್ತಿರ್ನಿಲ್ವೇನಪ್ಪ ನಿಂಗೆ?"

"ಇರ್ನಿಲ್ಲ ಕಣವ್ವ."

"ಗೊತ್ತಿಲ್ದಿದ್ರೆ ಕೇಳ್ಬೇಕಾಗಿತ್ತು. ನಾವು ನಿನ್ ಮಾತ್ ನಂಬ್ಕಂಡು ಮಗೀನ ಕೂರುಸ್ಕಂಡು ಓಡಾಡ್ತಿದ್ದೊ."

ಸೀಟು ಎತ್ತಿ, ಕಾರಿನಡಿಗೆ ಮಲಗಿ ನಟ್ಟು ಸಡಿಲಿಸಿದೆ. ಮೇಲಿನ ನಟ್ಟು, ಕೆಳಗಿನ ನಟ್ಟು, ವಾಷರು. ಪಟ್ಟಿಯನ್ನು ಎಳೆದು ಸುತ್ತಿದೆ. ತೂತುಗಳಿಗೆ ನೀರು ಹೋಗದಂತೆ ರಬ್ಬರ್ ಬಿರಡೆ ಬಡಿದು, ಅಂಗಡಿಗೆ ಬಂದರೆ ತಗಡು ಬೆಸೆಸಿಕೊಡುತ್ತೇನೆ ಅಂದೆ. ಗಂಡುಮಕ್ಕಳಿಬ್ಬರೂ ಬಾಗಿಲಿಗೆ ಒರಗಿ ನೋಡುತ್ತಿದ್ದರು.

ಕಾರಿನಡಿಯಿಂದ ಎದ್ದು ನೋಡಿದರೆ ಹುಡುಗಿ ಕಾರಿನ ಹತ್ತಿರ ಇರಲಿಲ್ಲ. ಜಗಲಿಯ ಹತ್ತಿರ ಹೋಗಿ ಚಪ್ಪಲಿ ಹಾಕಿಕೊಂಡು, ಅತ್ತೆಯ ಕೈಚೀಲವನ್ನು ತನ್ನ ಹೆಗಲಿಗೆ ಏರಿಸಿಕೊಂಡು ನಿಂತಿದ್ದಳು. ಯಾರೂ ಅವಳಿಗೆ ಇಳಿದು ಹೋಗು ಅಂದಿರಲಿಲ್ಲ. "ಏಳಜ್ಜಿ, ಬಸ್ಸು ಬಂದ್ಬುಡ್ತದೆ," ಅಂದಳು.

ಅತ್ತೆ ಎಲೆಅಡಿಕೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು. ಸಿಸ್ಟರಮ್ಮ ಹೋಗಿ ಆ ಚೀಲ ಇಸಿದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. ಕಾರಿನ ಕೀಲಿಯನ್ನು ಗಂಡನ ಕೈಗೆ ಕೊಟ್ಟು, "ನೀವು ಓಡುಸ್ಕಂಡ್ ಬನ್ನಿ. ನಾನು ಬಸ್ಸಲ್ಲಿ ಬತ್ತೀನಿ. ಮುಂದಿನ ಸಲ ನೀವು, ಅದ್ರಾಚೆ ಸಲ ಮತ್ತೆ ನಾನು," ಅಂದರು. ಇಷ್ಟು ದಿನ ಇದು ಯಾರಿಗೂ ಹೊಳೆದಿರಲಿಲ್ಲ. ಕೊನೆಗೆ ಬಂದವಳು ಬಸ್ಸಿಗೆ ಎನ್ನುವುದು ತಾನೇ ತಾನಾಗಿ ನಡೆದುಹೋಗಿತ್ತು. ನಾನೂ ಟೇಪು ಹಿಡಿದು ಸೀಟಿನ ಅಗಲ ಅಳೆದೆನೇ ಹೊರತು, ಹೀಗೂ ಮಾಡಬಹುದಲ್ಲ ಅನ್ನಲಿಲ್ಲ.

ಗಂಡ ಓಡಿಸಲು ಕೂತರು. ಅತ್ತೆ ಮುಂದೆ ಕೂತರು. ಹಿಂದೆ ಮೂವರು ಮಕ್ಕಳು. ಸಿಸ್ಟರಮ್ಮ ಹುಡುಗಿಯನ್ನು ಕಿಟಕಿಯ ಪಕ್ಕ ಕೂರಿಸಿ, "ಅಣ್ಣ, ಅವ್ಳಿಗೆ ಬೆಲ್ಟ್ ಆಕ್ಬುಡಿ, ನನ್ ಬಸ್ಸು ಹೊಂಟೋಯ್ತದೆ," ಎಂದು ನನಗೆ ಹೇಳಿ ಬಿರಬಿರನೆ ನಡೆದರು. ಬೇಕೆಂದೇ ನನಗೆ ಹೇಳಿದರೋ, ಅವಸರಕ್ಕೋ ಗೊತ್ತಿಲ್ಲ.

ನಾನು ಬಗ್ಗಿ ಕಂಪನಿಯ ಬೆಲ್ಟನ್ನು ಎಳೆದು ಅವಳ ಎದೆಯ ಮೇಲಿಂದ ತಂದು ಬಕಲಿಗೆ ಹಾಕಿದೆ. ಪಟ್ಟಿ ಕುತ್ತಿಗೆಗೆ ತಾಗದ ಹಾಗೆ ಬೆನ್ನ ಹಿಂದೆ ಇದ್ದ ದಿಂಬನ್ನು ತೆಗೆದು ಅವಳನ್ನು ಸರಿಯಾಗಿ ಕೂರಿಸಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಬೇರೆಯವರಿಗೆ ಕೇಳಬಾರದು ಅನ್ನುವಂತೆ ಮೆಲ್ಲಗೆ ಕೇಳಿದಳು.

"ಇದ್ನೂ ಬಿಚ್ಕಂಡು ಓಯ್ತೀರಾ?"

"ಇಲ್ಲ ಕಣವ್ವ," ಅಂದೆ. "ಇದನ್ನ ಯಾರೂ ಬಿಚ್ಚಂಗಿಲ್ಲ."

ತಲೆಯಾಡಿಸಿದಳು. ಆದರೆ ನಂಬಲಿಲ್ಲ. ಕಾರು ಅಂಗಳದಿಂದ ಹಿಂದಕ್ಕೆ ಸರಿದು ರಸ್ತೆಗೆ ತಿರುಗಿ ಮರೆಯಾಗುವವರೆಗೂ ಆ ಮಗು ಬೆಲ್ಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಇತ್ತು.